ಕರಿ ಕುದುರೆ ನಿಂತಿದ್ದ ಮನೆ

ಬೀಗರಿಬ್ಬರಿಗೂ ಚದುರಂಗದ ಹುಚ್ಚು ಇಲ್ಲದಿದ್ದರೆ ಮರಿಯವ್ವನ ಮದುವೆಯೇ ಆಗುತ್ತಿರಲಿಲ್ಲ. ಹರಿಹರದ ಹೊಳೆದಂಡೆಯಲ್ಲಿ ಎಲೆತೋಟ ಮಾಡಿಕೊಂಡಿದ್ದ ಗುತ್ತೆಪ್ಪ, ದಾವಣಗೆರೆಗೆ ವೀಳ್ಯದೆಲೆ ಮಾರಲು ಬಂದವನು, ಮಿಲ್ಲಿನಲ್ಲಿ ಜಾಬರ್, ಎಂದರೆ ಕೂಲಿಗಳ ಮೇಸ್ತ್ರಿ, ಆಗಿದ್ದ ಬೊಮ್ಮಣ್ಣನ ಎದುರು ಒಂದು ಆಟಕ್ಕೆಂದು ಕೂತ. ಎದ್ದಾಗ ಗುತ್ತೆಪ್ಪನ ಮಗಳು ಬೊಮ್ಮಣ್ಣನ ಮಗನಿಗೆ ಎಂದು ಮಾತಾಗಿ ಹೋಗಿತ್ತು. ಹುಡುಗಿಯನ್ನು ಯಾರೂ ಕೇಳಲಿಲ್ಲ. ಹುಡುಗ ರೇವಣ್ಣನನ್ನೂ ಕೇಳಲಿಲ್ಲ. ಅದೇ ಚದುರಂಗ ಎರಡು ವರ್ಷದ ಮೇಲೆ ಮರಿಯವ್ವನ ಬಾಣಂತನಕ್ಕೆ ಅಡ್ಡ ಬಂದು ಕೂತಿತು.

ದಾವಣಗೆರೆಯ ಆನೆಕೊಂಡದ ಕಡೆ ಬೊಮ್ಮಣ್ಣನ ಮನೆ. ಭಾನುವಾರ ಮಿಲ್ಲಿಗೆ ರಜೆ. ಬೆಳಗಿನ ರೈಲಿಗೆ ಗುತ್ತೆಪ್ಪ ಹರಿಹರದಿಂದ ಎರಡು ಪೆಂಡಿ ಎಲೆ, ನಾಲ್ಕು ಗ್ರಾಮಫೋನ್ ಪ್ಲೇಟು ಚೀಲದಲ್ಲಿಟ್ಟುಕೊಂಡು ಬರುತ್ತಿದ್ದ. ಊಟ ಮುಗಿಸಿ ಪಡಸಾಲೆಯಲ್ಲಿ ಚದುರಂಗದ ಹಾಸು ಹಾಸಿದರೆ ಸಂಜೆಯ ರೈಲಿನ ಹೊತ್ತಿನವರೆಗೆ ಇಬ್ಬರೂ ಏಳುತ್ತಿರಲಿಲ್ಲ. ಗ್ರಾಮಫೋನಿಗೆ ಕೀಲಿ ಕೊಡುವುದು ಮರಿಯವ್ವನ ಕೆಲಸ. ಬೇರೆಯವರು ಮುಟ್ಟಿದರೆ ಸ್ಪ್ರಿಂಗ್ ಹೋಗುತ್ತದೆ ಎಂದು ಇಬ್ಬರು ಮುದುಕರೂ ಒಪ್ಪಿದ್ದರು. ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ಆಟಕ್ಕೆ ಅವರು ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಒಬ್ಬ ಕಾಯಿ ನಡೆಸದೆ ಬಹಳ ಹೊತ್ತು ಗಲ್ಲಕ್ಕೆ ಕೈ ಹಚ್ಚಿ ಕೂತರೆ ಇನ್ನೊಬ್ಬ ತನಗೆ ಬೇಕಾದ ಪ್ಲೇಟು ಹಾಕಿಸುತ್ತಿದ್ದ. ಒಂದು ಮಗ್ಗುಲು ಹಾಡಿ ಮುಗಿಯಲು ಮೂರೂವರೆ ನಿಮಿಷ. ಅಷ್ಟರೊಳಗೆ ಕಾಯಿ ಎತ್ತಿ ಇಡಬೇಕು. ಮುಳ್ಳು ಕೊನೆಯ ಗೆರೆಗೆ ಹೋಗಿ ಗರಗರ ಅಂದರೆ ಆಟ ಸೋತ ಹಾಗೆ. ಗುತ್ತೆಪ್ಪನದು ತತ್ವಪದ, ಏಕತಾರಿಯ ಹಾಡು. ಬೊಮ್ಮಣ್ಣನದು ಕಂಪನಿ ನಾಟಕದ ಹಾಡು. ಲೋಕದಲ್ಲಿ ಜನ ತಮಗೆ ಮೆಚ್ಚಿಗೆಯಾದ ಹಾಡನ್ನು ಇನ್ನೊಬ್ಬರಿಗೆ ಕೇಳಿಸುವುದು ಪ್ರೀತಿಗೆ. ಇವರು ಕೇಳಿಸುತ್ತಿದ್ದುದು ಎದುರಾಳಿಯ ತಲೆ ಕೆಡಿಸುವುದಕ್ಕೆ. ಅವನ ಹಾಡು ನರಿ ಕೂಗು ಎಂದು ಇವನು, ಇವನದು ಭಿಕ್ಷೆಯವರ ಹಾಡು ಎಂದು ಅವನು. ಹೀಗೆ ಬೈದುಕೊಂಡೇ ಎರಡು ವರ್ಷದಲ್ಲಿ ಒಬ್ಬರ ಹಾಡು ಇನ್ನೊಬ್ಬರಿಗೆ ಬಾಯಿಪಾಠ ಆಗಿತ್ತು.

ಮರಿಯವ್ವ ಏಳನೇ ತಿಂಗಳಿಗೆ ಬಿದ್ದ ವಾರ ಒಂದು ಆಟ ಮುಗಿಯಲಿಲ್ಲ. ಗುತ್ತೆಪ್ಪನವು ಕರಿ ಕಾಯಿ. ಬೊಮ್ಮಣ್ಣನ ರಾಜ ಮೂಲೆಗೆ ಸರಿದಿದ್ದ. ಗುತ್ತೆಪ್ಪ ಯೋಚನೆಗೆ ಬಿದ್ದಾಗ ಬೊಮ್ಮಣ್ಣ ಯಾವತ್ತೂ ಹಾಕಿಸದ ಒಂದು ಪ್ಲೇಟನ್ನು ಸೊಸೆಯ ಕೈಗೆ ಕೊಟ್ಟ. ದೊರೆಯನ್ನು ಯುದ್ಧಕ್ಕೆ ಕಳಿಸಿಕೊಡುವ ರಾಣಿಯ ಹಾಡು ಅದು, ಹೆಣ್ಣು ದನಿ. ನಡುವೆ ಒಂದು ಮಾತನ್ನು ಆಕೆ ಉಸಿರು ತೀರುವ ತನಕ ಎಳೆಯುತ್ತಾಳೆ. ಗುತ್ತೆಪ್ಪ ತಲೆಯೆತ್ತಿ ಗ್ರಾಮಫೋನನ್ನೇ ನೋಡುತ್ತ ಕೂತ. ಮುಳ್ಳು ಕೊನೆ ಮುಟ್ಟುವ ಹೊತ್ತಿಗೆ ಅವಸರದಲ್ಲಿ ಒಂದು ಕಾಲಾಳನ್ನು ನೂಕಿ, ರೈಲಿಗೆ ಹೊತ್ತಾಯಿತೆಂದು ಎದ್ದುಬಿಟ್ಟ. ಮುಂದಿನ ವಾರ ಆಡೋಣ ಎಂದು ಹಾಸನ್ನು ಕಾಯಿಗಳ ಸಮೇತ ಮೂಲೆಗೆ ಸರಿಸಿ, ಅದರ ಮೇಲೆ ದೊಡ್ಡ ಬಿದಿರು ಪುಟ್ಟಿಯನ್ನು ಬೋರಲು ಹಾಕಿದರು. ರೊಟ್ಟಿ ಹಾಕಿಡುವ ಪುಟ್ಟಿ ಹೋಯಿತೆಂದು ಬೊಮ್ಮಣ್ಣನ ಹೆಂಡತಿ ಉಚ್ಚೆಂಗೆಮ್ಮ ವಾರವೆಲ್ಲ ಗೊಣಗಿದಳು. ಕಸ ಹೊಡೆಯುವಾಗ ಕೂಡ ಆ ಮೂಲೆಗೆ ಯಾರೂ ಹೋಗಲಿಲ್ಲ.

ಮುಂದಿನ ಭಾನುವಾರ ಬಸುರಿಗೆ ಮಾಡುವ ಕುಬುಸದ ದಿನ ಗೊತ್ತು ಮಾಡಬೇಕಿತ್ತು. ಉಚ್ಚೆಂಗೆಮ್ಮ ಹೋಳಿಗೆ ಮಾಡಿದ್ದಳು. ಕುಬುಸ ಮುಗಿಸಿ ಏಳರಲ್ಲೇ ಹುಡುಗಿಯನ್ನು ತವರಿಗೆ ಕಳಿಸುವುದು, ಎಂಟು ಬಿದ್ದರೆ ಹೊಸಲು ದಾಟಿಸುವ ಹಾಗಿಲ್ಲ, ಅದು ಎರಡೂ ಮನೆಯ ಪದ್ಧತಿ. ಮರಿಯವ್ವ ತನ್ನ ಟ್ರಂಕು ತೆಗೆದು ಒರೆಸಿಟ್ಟಿದ್ದಳು. ಹೋದ ವರ್ಷ ಇದೇ ಮನೆಯಲ್ಲಿ ನಾಲ್ಕು ತಿಂಗಳಿಗೆ ಅವಳ ಬಸಿರು ಇಳಿದುಹೋಗಿತ್ತು. ಇವಳ ಮೈಯೇ ಸರಿ ಇಲ್ಲ ಎಂದು ಅತ್ತೆ ನೆರೆಮನೆಯವರ ಮುಂದೆ ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು. ಅವತ್ತಿನಿಂದ ಅವಳಿಗೆ ಈ ಮನೆಯ ನಡುಮನೆ ಕಂಡರೆ ಭಯ. ಈ ಸಲ ಹೆರುವುದಾದರೆ ಅವ್ವ ರಂಗವ್ವನ ಕೈಯಲ್ಲೇ ಹೆರಬೇಕು ಎಂದು ಅವಳು ದಿನಾ ದೇವರಿಗೆ ಕೈ ಮುಗಿಯುತ್ತಿದ್ದಳು.

ಮಣೆ ಹಾಕಿ ಎಲೆ ಹಾಸಿ, ಉಪ್ಪು ಬಡಿಸಿ ಆಗಿತ್ತು. ಗುತ್ತೆಪ್ಪನಿಗೆ ತಾಳ್ಮೆಯೆಲ್ಲಿ? ಊಟಕ್ಕೆ ಮೊದಲು ಒಂದು ಸಲ ನೋಡಿಬಿಡೋಣ ಎಂದು ಪುಟ್ಟಿ ಎತ್ತಿದ.

“ಬೀಗ್ರೆ, ನನ್ನ ಕರಿ ಕುದುರೆ ಇಲ್ಲಿರ್ಲಿಲ್ಲ. ಮುಂದಿನ ಮನ್ಯಾಗ ಇತ್ತು.”

“ಇಟ್ಟಲ್ಲೇ ಐತೆ. ನಿಮ್ಮ ಮುಂದೇ ಅಲ್ಲೇನ್ರಿ ಪುಟ್ಟಿ ಮುಚ್ಚಿದ್ದು?”

“ಹಂಗಾರೆ ಅದು ತಾನಾಗೇ ಹಿಂದಕ್ಕೆ ನಡಕೊಂಡು ಬಂತೇನು?”

ಬೊಮ್ಮಣ್ಣನ ಮುಖ ಕೆಂಪಾಯಿತು. “ನನ್ನ ಕಳ್ಳ ಅಂತೀರಾ? ನನ್ನ ಮನ್ಯಾಗ ಕೂತು?”

“ಕಳ್ಳ ಅಂತ ನಾನೆಲ್ಲಿ ಅಂದೆ? ಕುದುರೆ ಸರದೈತೆ ಅಂದೆ. ಈ ಮನ್ಯಾಗ ಯಾರ್‍ಯಾರು ಅದೀರಿ ಅಂತ ನೀವೇ ಎಣಿಸ್ಕಳ್ರಿ.”

ಆ ಮಾತು ಒಲೆಯ ಮುಂದಿದ್ದ ಉಚ್ಚೆಂಗೆಮ್ಮನಿಗೂ ತಗುಲಿತು. ಆಕೆ ಹೋಳಿಗೆಯ ತಟ್ಟೆ ಹಿಡಿದೇ ಹೊರಗೆ ಬಂದು, ಬೀಗರು ಹರಿಹರದಲ್ಲಿ ಇಂಥ ಮಾತಾಡುತ್ತಾರೋ ಏನೋ, ಇಲ್ಲಿ ಆಡಬಾರದು ಎಂದಳು. ರೇವಣ್ಣ ನಡುವೆ ಬಾಯಿ ಹಾಕಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ. ಮಾತಿಗೆ ಮಾತು ಬೆಳೆದು, ಎಲೆಪೆಂಡಿ ಮಾರುವವನು ಎಂದು ಇವನು, ಮಿಲ್ಲಿನ ಸಾಹುಕಾರರ ಬಾಗಿಲು ಕಾಯುವವನು ಎಂದು ಅವನು, ಎರಡು ವರ್ಷದಿಂದ ನುಂಗಿಕೊಂಡಿದ್ದನ್ನೆಲ್ಲ ಕಕ್ಕಿದರು. ಗುತ್ತೆಪ್ಪ ಇನ್ನು ಈ ಮನೆಯ ನೀರು ಮುಟ್ಟುವುದಿಲ್ಲ ಎಂದು ಚೀಲ ಹೆಗಲಿಗೇರಿಸಿದ. ಬಡಿಸಿದ ಎಲೆ ಹಾಗೇ ಉಳಿಯಿತು. ಮಗಳ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಅವನು ಬೀದಿ ದಾಟುವ ಮೊದಲೇ ಬೊಮ್ಮಣ್ಣ ತೀರ್ಪು ಕೊಟ್ಟ. “ಅವನಾಗೇ ಬಂದು, ಇದೇ ಪಡಸಾಲ್ಯಾಗ ನಿಂತು, ತಪ್ಪಾತು ಅನ್ಲಿ. ಅಲ್ಲಿ ತನಕ ಕುಬುಸನೂ ಇಲ್ಲ, ಕಳ್ಸೋದೂ ಇಲ್ಲ.”

ಆ ಮನೆಯಲ್ಲಿ ಊಟದ ರುಚಿ ಅವತ್ತಿನಿಂದ ಕೆಟ್ಟಿತು. ಬೊಮ್ಮಣ್ಣ ರೊಟ್ಟಿ ದಪ್ಪ ಎನ್ನುತ್ತಿದ್ದ, ಸಾರು ಸಪ್ಪೆ ಎನ್ನುತ್ತಿದ್ದ, ಹರಿಹರದವರ ಕೈಗುಣ ಎಂದು ಸೇರಿಸುತ್ತಿದ್ದ. ಮರಿಯವ್ವ ತಲೆ ತಗ್ಗಿಸಿ ಬಡಿಸುತ್ತಿದ್ದಳು. ರೇವಣ್ಣನಿಗೂ ಅದೇ ಮಿಲ್ಲಿನಲ್ಲಿ ಕೆಲಸ; ಬೇಗ ಬೇಗ ಉಂಡು ಮಿಲ್ಲಿನ ಸೈರನ್ ಕೂಗುವುದಕ್ಕೆ ಅರ್ಧ ಗಂಟೆ ಮೊದಲೇ ಬಾಗಿಲು ದಾಟುತ್ತಿದ್ದ. ಅಪ್ಪನ ಎದುರು ನಿಂತು ಮಾತಾಡುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಒಮ್ಮೆ ಹೆಂಡತಿಗೆ ಸಮಾಧಾನ ಹೇಳಲು ಹೋಗಿ, ಇಬ್ಬರೂ ಹಿರಿಯರು, ತಾವೇ ಸರಿ ಹೋಗುತ್ತಾರೆ ಎಂದ. ಹಿರಿಯರು ಸರಿಹೋಗುವ ತನಕ ಹೊಟ್ಟೆಯಲ್ಲಿರುವುದು ಕಾಯುತ್ತದೆಯೇ ಎಂದು ಅವಳು ಕೇಳಿದಳು.

ಗಂಡನ ಮೇಲೆ ತಿರುಗಿಬಿದ್ದವಳು ಉಚ್ಚೆಂಗೆಮ್ಮ. ಮೊದಲ ನಾಲ್ಕು ದಿನ ಆಕೆಯೂ ಬೀಗನನ್ನು ಬಯ್ದಳು. ಐದನೇ ದಿನ ನೀರು ಸೇದಿ ತಂದು ಕೊಡ ಇಳಿಸುವಾಗ ಮೊಣಕಾಲು ಹಿಡಿದುಕೊಂಡಿತು. ಆಗ ಆಕೆಗೆ ಮುಂದಿನದು ಹೊಳೆಯಿತು.

“ಕಳ್ಸಲ್ಲ ಅಂತೀರಲ್ಲ, ಬಾಣಂತಿಗೆ ಎಣ್ಣೆ ನೀರು ಯಾರು ಹಾಕೋರು? ನೀವು ಹಾಕ್ತೀರೇನು?”

“ಊರಾಗ ಹೆಂಗಸ್ರು ಇಲ್ಲೇನು?” ಅಂದ ಬೊಮ್ಮಣ್ಣ.

“ಅದಾರೆ. ಅವ್ರಿಗೆಲ್ಲ ಅವ್ರ ಮನೆ ಐತೆ. ಕುದುರೆ ಸರದ್ರೆ ನಿಮಗೇನು ಹೋತು, ಸಾಯೋದು ನನ್ನ ಮೊಣಕಾಲು.”

ಇದಕ್ಕೆ ಬೊಮ್ಮಣ್ಣ ಹೆಂಗಸರಿಗೆ ಮರ್ಯಾದೆಯ ವಿಷಯ ತಿಳಿಯುವುದಿಲ್ಲ ಎಂದು ಹೇಳಿ ಎದ್ದುಹೋದ. ಮರ್ಯಾದೆ ಎಂಬುದು ಆ ಮನೆಯಲ್ಲಿ ಗಂಡಸರ ಕೈಗೆ ಮಾತ್ರ ಎಟಕುವ ಎತ್ತರದಲ್ಲಿತ್ತು.

ಅದರ ಮುಂದಿನ ಭಾನುವಾರ ಆಡಲು ಎದುರಾಳಿ ಇಲ್ಲದೆ ಬೊಮ್ಮಣ್ಣ ಬೆಳಗಿನಿಂದ ಚಡಪಡಿಸಿದ. ಕೊನೆಗೆ ತಾನೇ ಗ್ರಾಮಫೋನಿಗೆ ಕೀಲಿ ಕೊಟ್ಟು ರಾಣಿಯ ಹಾಡು ಹಾಕಿದ. ಮರಿಯವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಆ ಹೆಂಗಸು ಒಂದು ಮಾತನ್ನು ಎಳೆದು ಎಳೆದು ನಿಲ್ಲಿಸುವಾಗ ಮರಿಯವ್ವನ ಕೈ ನಿಂತಿತು. ಅವಳಿಗೆ ದಾವಣಗೆರೆಯ ಪಡಸಾಲೆ ಕಾಣಲಿಲ್ಲ, ಹರಿಹರದ ಮನೆಯ ಕಟ್ಟೆ ಕಂಡಿತು. ಅವಳಿಗಾಗ ಎಂಟು ವರ್ಷ. ಇದೇ ಹಾಡು ಹಾಡುತ್ತಿತ್ತು, ಕೀಲಿ ಕೊಟ್ಟವಳು ಅವಳೇ. ಎದುರಿಗೆ ಹರಿಹರದಲ್ಲೆಲ್ಲ ಹೆಸರಾದ ಆಟಗಾರ ಮಕ್ತುಮ್ ಸಾಬ್. ಅಪ್ಪ ಕರಿ ಕುದುರೆಯನ್ನು ಹಾರಿಸಿ, ಮೊನ್ನೆ ಜಗಳವಾಡಿದ ಅದೇ ಮುಂದಿನ ಮನೆಯಲ್ಲಿ ಇಟ್ಟದ್ದು ಸರಿಯಾಗಿ ಈ ಎಳೆತದ ಹೊತ್ತಿಗೆ. ಸಾಬರು ಬಹಳ ಹೊತ್ತು ನೋಡಿ, ತಮ್ಮ ರಾಜನನ್ನು ತಾವೇ ಮಲಗಿಸಿದ್ದರು. ಅಪ್ಪ ತನ್ನ ಜೀವಮಾನದಲ್ಲಿ ಗೆದ್ದ ದೊಡ್ಡ ಆಟ ಅದು. ವರ್ಷಕ್ಕೆ ನಾಲ್ಕು ಸಲ ಆ ಕಥೆ ಹೇಳುತ್ತಿದ್ದ.

ಅವತ್ತು ತಾನೇ ಪ್ಲೇಟು ಹಾಕುವಾಗ ಹೊಳೆಯದಿದ್ದದ್ದೆಲ್ಲ ಅವಳಿಗೆ ಈಗ ತಿಳಿಯಿತು. ಹಾಡು ಕೇಳುತ್ತ ಅಪ್ಪ ಹಳೆಯ ಆಟಕ್ಕೆ ಹೋಗಿಬಿಟ್ಟಿದ್ದ. ಮನೆಗೆ ಹೋಗುವಾಗ ತಲೆಯಲ್ಲಿ ಹೊತ್ತುಕೊಂಡು ಹೋದದ್ದು ಬೀಗರ ಹಾಸನ್ನಲ್ಲ, ಸಾಬರ ಹಾಸನ್ನು. ಇಲ್ಲಿ ಕುದುರೆ ಯಾವತ್ತೂ ಮುಂದಿನ ಮನೆಯಲ್ಲಿ ಇರಲೇ ಇಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು, ಅದಕ್ಕೂ ಅತ್ತೆಯ ಕೈಲಿ ಬೈಸಿಕೊಂಡಳು. ಆದರೆ ಎಷ್ಟೋ ದಿನದ ಮೇಲೆ ಅವಳಿಗೆ ಹಗುರ ಅನಿಸಿತ್ತು. ಅಪ್ಪನಿಗೆ ನೆನಪು ಮಾಡಿಕೊಟ್ಟರೆ ಆಯಿತು, ಅವನು ನಕ್ಕು ಒಪ್ಪಿಕೊಳ್ಳುತ್ತಾನೆ ಎಂದುಕೊಂಡಳು.

ರೇವಣ್ಣನಿಗೆ ರಾತ್ರಿ ಪಾಳಿ ಬಂದ ವಾರ, ಗುರುವಾರ ಬೆಳಿಗ್ಗೆ, ಹರಿಹರದಲ್ಲಿ ದೇವರಿಗೆ ಹರಕೆ ಇದೆ ಎಂದು ಅವಳು ಗಂಡನ ಜೊತೆ ಹೊರಟಳು. ಎಂಥ ಹರಕೆ ಎಂದು ಉಚ್ಚೆಂಗೆಮ್ಮನಿಗೆ ಗೊತ್ತಾಗದೇನು? ಹೋಗಿ ಸಂಜೆಯೊಳಗೆ ಬಾ, ನಿಮ್ಮಪ್ಪನಿಗೆ ನನ್ನ ಮೊಣಕಾಲಿನ ಸುದ್ದಿಯನ್ನೂ ಹೇಳು ಎಂದು ಬುತ್ತಿ ಕಟ್ಟಿಕೊಟ್ಟಳು.

ಗುತ್ತೆಪ್ಪ ಕಟ್ಟೆಯ ಮೇಲೆ ಎಲೆ ಜೋಡಿಸಿ ಪೆಂಡಿ ಕಟ್ಟುತ್ತಿದ್ದ. ರಂಗವ್ವ ಮಗಳನ್ನು ಕಂಡು ಓಡಿ ಬಂದು ಬೆನ್ನು ಸವರಿದಳು, ಅಳಿಯನಿಗೆ ಕಾಲಿಗೆ ನೀರು ಕೊಟ್ಟು ಒಳಗೆ ಕೂಡಿಸಿದಳು. ಮರಿಯವ್ವ ಅಪ್ಪನ ಹತ್ತಿರ ಕಟ್ಟೆಯ ಮೇಲೆಯೇ ಕೂತಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

“ಅಪ್ಪಾ, ಕುದುರೆ ಮುಂದಿನ ಮನ್ಯಾಗ ಇದ್ದದ್ದು ಮಕ್ತುಮ್ ಸಾಬ್ರ ಜೊತಿ ಆಡಿದ ಆಟದಾಗ. ದಾವಣಗೆರ್‍ಯಾಗ ಅಲ್ಲ. ಆ ಹಾಡು ಕೇಳಿ ನಿಂಗೆ ಹಂಗಾಗೈತೆ.”

ಗುತ್ತೆಪ್ಪ ಎಲೆಯ ತೊಟ್ಟು ಚಿವುಟಿದ. “ಗೊತ್ತು,” ಅಂದ.

“ಯಾವಾಗ ಗೊತ್ತಾತು?”

“ಅವತ್ತೇ. ರೈಲ್ನಾಗ ಬರುವಾಗ.”

ಅವಳು ಅಪ್ಪನ ಮುಖವನ್ನೇ ನೋಡಿದಳು. ಮೂರು ವಾರ ಆಗಿತ್ತು. ಅವಳು ಮೂರು ವಾರ ಉಂಡ ಅನ್ನ ಮೈಗೆ ಹತ್ತಿರಲಿಲ್ಲ.

ಗುತ್ತೆಪ್ಪ ತನ್ನ ಸಿಟ್ಟನ್ನು ಬಿಚ್ಚಿಟ್ಟ. ಆ ಪ್ಲೇಟು ತನ್ನದೇ. ಆಟ ಸೋತ ಮಕ್ತುಮ್ ಸಾಬ್‌ಗೆ ಅವತ್ತು ತಾನೇ ಖುಷಿಯಿಂದ ಕೊಟ್ಟಿದ್ದ. ಬೊಮ್ಮಣ್ಣ ಹರಿಹರಕ್ಕೆ ಬಂದು, ಸಾಬರ ಮನೆ ಹುಡುಕಿ, ಆ ಕಥೆಯನ್ನೆಲ್ಲ ಕೇಳಿ, ಪ್ಲೇಟು ಇಸಕೊಂಡು ಹೋಗಿದ್ದಾನೆ. ಮೊನ್ನೆ ಸಾಬರೇ ಹೇಳಿದರು. ತನ್ನ ತಲೆ ಕೆಡಿಸಲಿಕ್ಕೆಂದೇ ತಂದಿಟ್ಟುಕೊಂಡಿದ್ದ ಪ್ಲೇಟು ಅದು.

“ಅವ ಮೋಸ ಮಾಡಿದ. ನಾನು ಮರೆತೆ. ಮೊದಲು ಅವ ಒಪ್ಕೊಳ್ಲಿ,” ಅಂದ ಗುತ್ತೆಪ್ಪ.

“ಅವ್ರು ಒಪ್ಕೊಳೋತನ ನಾನೆಲ್ಲಿ ಇರ್ಲಿ? ಎಂಟಕ್ಕ ಬೀಳಾಕ ಇನ್ನ ಎಂಟು ದಿನ ಐತೆ.”

ಗುತ್ತೆಪ್ಪ ಪೆಂಡಿಗೆ ಬಾಳೆನಾರು ಸುತ್ತಿ ಹಲ್ಲಿನಿಂದ ಬಿಗಿದ. “ಹೆರಿಗೆ ದಾವಣಗೆರ್‍ಯಾಗೂ ಆಗ್ತೈತೆ. ಆ ಪಡಸಾಲ್ಯಾಗ ತಲೆ ತಗ್ಗಿಸಿ ನಿಲ್ಲೋದು ನನ್ನ ಕೈಲಾಗಲ್ಲ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ರಂಗವ್ವ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು.  ಮಗಳನ್ನು ಒಳಗೆ ಕರೆದು ತಲೆಗೆ ಎಣ್ಣೆ ಹಚ್ಚಿ, ಹೆರಳು ಹಾಕಿ, ಕುಬುಸವಾಗದೆ ಇಟ್ಟುಕೊಳ್ಳುವ ಹಾಗಿಲ್ಲವೆಂದು ಸಂಜೆಯ ರೈಲಿಗೆ ಕಳಿಸಿದಳು. ಮರಿಯವ್ವ ರೈಲಿನಲ್ಲಿ ದಾರಿಯುದ್ದಕ್ಕೂ ಅತ್ತಳು. ರೇವಣ್ಣ ಕಿಟಕಿಯ ಆಚೆ ನೋಡುತ್ತಿದ್ದ.

ಮನೆ ಮುಟ್ಟಿದವಳು ಸೆರಗಿನಿಂದ ಮುಖ ಒರೆಸಿಕೊಂಡು ಸೀದಾ ಮಾವನ ಮುಂದೆ ನಿಂತಳು. ಮದುವೆಯಾದ ಮೇಲೆ ಅವನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

“ಮಾವ, ತಪ್ಪು ತನ್ನದೇ ಅಂತ ನಮ್ಮಪ್ಪಗೆ ಗೊತ್ತೈತೆ. ಆ ಪ್ಲೇಟು ಯಾರದು ಅಂತ ನಿಮಗೂ ಗೊತ್ತಿತ್ತು.”

ಬೊಮ್ಮಣ್ಣ ನಾಚಿಕೊಳ್ಳಲಿಲ್ಲ. “ಆಟದಾಗ ಅದೂ ಒಂದು ನಡೆ,” ಅಂದ. “ಗೊತ್ತಿದ್ರೆ ಬಂದು ಅವನ ಬಾಯಿಲೆ ಹೇಳ್ಲಿ. ನೀನು ಹೇಳಿದ್ರೆ ನಡಿಯಲ್ಲ.”

ದಿನ ಕಡಿಮೆ ಉಳಿದಿವೆ ಎಂದು ಅವಳು ಅವನಿಗೂ ಹೇಳಿದಳು. ಅವನು ಬೀಗ ಒಪ್ಪಿಕೊಂಡ ಸುದ್ದಿಯ ಸಂತೋಷದಲ್ಲಿದ್ದ. ಪಕ್ಕದ ಮನೆಯ ಶಿವಯೋಗಪ್ಪನಿಗೆ ಹೇಳಿ ಬರಲು ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಆಮೇಲಿನ ಎಂಟು ದಿನಗಳನ್ನು ಮರಿಯವ್ವ ಒಂದೊಂದಾಗಿ ಎಣಿಸಿದಳು. ಬಾಗಿಲು ಸದ್ದಾದರೆ ಎದ್ದು ನೋಡುತ್ತಿದ್ದಳು. ಬಂದವರು ಮಜ್ಜಿಗೆಯವಳೋ, ಮಂಡಕ್ಕಿಯವನೋ ಆಗಿರುತ್ತಿದ್ದರು. ಗುರುವಾರವೂ ಯಾರೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಟ್ರಂಕಿನಲ್ಲಿಟ್ಟಿದ್ದ ಸೀರೆಗಳನ್ನು ತೆಗೆದು ಮತ್ತೆ ಬಟ್ಟೆ ಹಾಕುವ ಗಳುವಿನ ಮೇಲೆ ಹಾಕಿದಳು. ಉಚ್ಚೆಂಗೆಮ್ಮ ನೋಡಿದಳು, ಬೆರಳು ಮಡಿಚಿ ತಾನೂ ಲೆಕ್ಕ ಹಾಕಿದಳು, ಸೊಸೆಗೆ ಒಂದು ಲೋಟ ಹಾಲು ಕಾಯಿಸಿ ಕೊಟ್ಟಳು. ಆ ಮನೆಯಲ್ಲಿ ಸೊಸೆಗೆ ಕೇಳದೆ ಹಾಲು ಸಿಕ್ಕಿದ್ದು ಅವತ್ತೊಂದೇ ದಿನ.

ಭಾನುವಾರ ಬೆಳಗಿನ ರೈಲಿಗೆ ಗುತ್ತೆಪ್ಪ ಬಂದ. ಹಿಂದೆ ರಂಗವ್ವ, ಕಂಕುಳಲ್ಲಿ ಗಂಟು. ಮಗಳು ಹೋದ ಮರುದಿನದಿಂದ ಆಕೆ ಗಂಡನಿಗೆ ಒಲೆ ಹಚ್ಚಿರಲಿಲ್ಲ ಎಂದು ಆಮೇಲೆ ತಿಳಿಯಿತು. ಗುತ್ತೆಪ್ಪ ಒಂಬತ್ತು ದಿನ ಮಂಡಕ್ಕಿ, ಬೆಲ್ಲ ತಿಂದು, ಹತ್ತನೇ ದಿನ ಹೊರಟಿದ್ದ. ಕೆನ್ನೆ ಒಳಗೆ ಹೋಗಿತ್ತು. ಪಡಸಾಲೆಯಲ್ಲಿ ಕೂರದೆ ನಿಂತ.

ಮರಿಯವ್ವ ನಡುಮನೆಯ ಬಾಗಿಲಲ್ಲಿದ್ದಳು. ಈಗಲೇ ಒಂದು ಮಾತು ಹೇಳಿ ಅಪ್ಪನನ್ನು ತಡೆಯಬಹುದಿತ್ತು. ತಡೆಯಬೇಕು ಅನಿಸಲಿಲ್ಲ. ಹೇಳಲಿ ಎಂದು ಕಂಬಕ್ಕೆ ಒರಗಿ ನಿಂತಳು.

“ತಪ್ಪಾತು ಬೀಗ್ರೆ. ಕುದುರೆ ನೀವು ಹೇಳಿದ ಮನ್ಯಾಗೇ ಇತ್ತು,” ಅಂದ ಗುತ್ತೆಪ್ಪ. 

ಬೊಮ್ಮಣ್ಣನಿಗೆ ಅಷ್ಟು ಸಾಲದು. ಶಿವಯೋಗಪ್ಪನನ್ನು ಕರೆಸಿದ. ಅವನು ಕಾಫಿಯ ಲೋಟ ಹಿಡಿದುಕೊಂಡೇ ಬಂದು ಹೊಸಲ ಹತ್ತಿರ ನಿಂತ. ಗುತ್ತೆಪ್ಪ ಇನ್ನೊಂದು ಸಲ ತಪ್ಪಾತು ಅಂದ. ಈ ಸಲ ತಲೆಯೂ ತಗ್ಗಿತು. ಬೊಮ್ಮಣ್ಣ ಮೀಸೆಯ ಮೇಲೆ ಕೈಯಾಡಿಸಿ, ಆಯಿತು, ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದೇನೆ, ಕುಬುಸ ಮಾಡಿ ಮಗಳನ್ನು ಕರೆದುಕೊಂಡು ಹೋಗಿ ಎಂದ.

“ಎಲ್ಲಿಗೆ ಕರ್ಕೊಂಡು ಹೋಗೋದು?” ಒಲೆಯ ಮುಂದಿನಿಂದ ಉಚ್ಚೆಂಗೆಮ್ಮ ಕೇಳಿದಳು. “ಮೊನ್ನೆ ಶುಕ್ರವಾರಕ್ಕ ಎಂಟು ಬಿತ್ತು.”

 ಕುದುರೆ ಒಂದು ಮನೆ ಹಿಂದಿತ್ತೋ ಮುಂದಿತ್ತೋ ಎಂದು ತಿಂಗಳಿಡೀ ತಲೆ ಒಡೆದುಕೊಂಡ ಇಬ್ಬರೂ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ರಂಗವ್ವ ಬೆರಳು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಒಲೆ ಹಚ್ಚದ ಹಟದಲ್ಲಿ ಆಕೆಗೂ ಎರಡು ದಿನ ತಪ್ಪಿಹೋಗಿತ್ತು. ಹಣೆ ಚಚ್ಚಿಕೊಂಡು, ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟಳು.

ಗುತ್ತೆಪ್ಪ ಮಗಳ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು, ಅದರ ಹಿಂದೆ ಸಿಟ್ಟೂ ಇತ್ತು. “ನೀನಾರ ಹೇಳಬಾರ್ದಿತ್ತೇನವ್ವ?”

“ಹೇಳಿದ್ದೆ, ಅಪ್ಪ,” ಅಂದಳು ಮರಿಯವ್ವ. “ನೀನು ಪೆಂಡಿ ಕಟ್ತಿದ್ದೆ.”

 ಸ್ವಲ್ಪ ಹೊತ್ತಿಗೆ ರಂಗವ್ವ ಕಣ್ಣು ಒರೆಸಿಕೊಂಡು ಎದ್ದು, ಗಂಟನ್ನು ಎತ್ತಿಕೊಂಡು ನಡುಮನೆಗೆ ಬಂದಳು. ಹೆರಿಗೆ ಆಗಿ, ಮೂರು ತಿಂಗಳ ಬಾಣಂತನ ಮುಗಿಯುವ ತನಕ ತಾನು ಇಲ್ಲೇ ಇರುತ್ತೇನೆ, ಬೀಗರ ಮನೆಯಲ್ಲಿ ಇರಬಾರದು ಅನ್ನುವವರು ಅನ್ನಲಿ, ಗಂಡ ಬೇಕಾದರೆ ತಾನೇ ಬೇಯಿಸಿಕೊಳ್ಳಲಿ ಎಂದಳು. ಬೊಮ್ಮಣ್ಣ ಏನೋ ಹೇಳಲು ಬಾಯಿ ತೆರೆದ. ಉಚ್ಚೆಂಗೆಮ್ಮ ಬೀಗಿತಿಯ ಕೈಯಿಂದ ಗಂಟು ತೆಗೆದುಕೊಂಡು, ಹಂಡೆಯ ನೀರು ಎತ್ತುವುದು ನಿನ್ನ ಪಾಲು, ನಾನು ಒಲೆ ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ಕೆಲಸ ಹಂಚಿಬಿಟ್ಟಳು. 

ಗುತ್ತೆಪ್ಪ ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಹೊರಟ. ಊಟಕ್ಕೆ ಏಳಿ ಎಂದು ರೇವಣ್ಣ ಕರೆದ, ಹಸಿವಿಲ್ಲ ಎಂದ. ಅಂಗಳಕ್ಕಿಳಿದು ಎರಡು ಸಲ ಹಿಂದಿರುಗಿ ನೋಡಿದ. ಅಪ್ಪ ಹೊರಟರೆ ಬೀದಿಯ ತಿರುವಿನವರೆಗೆ ಹೋಗಿ ಕಳಿಸಿ ಬರುವುದು ಮರಿಯವ್ವನ ರೂಢಿ. ಅವತ್ತು ಅವಳು ನಡುಮನೆಯಲ್ಲಿ ಅವ್ವನ ಮುಂದೆ ಕೂತು, ಮಗು ಹೊಟ್ಟೆಯಲ್ಲಿ ಒದೆಯುತ್ತಿದ್ದ ಕಡೆ ಆಕೆಯ ಕೈ ಹಿಡಿದು ಇಟ್ಟುಕೊಂಡಳು. ಹೊರಗಿನಿಂದ ಅಪ್ಪ ಹೋಗಿಬರುತ್ತೇನೆ ಎಂದದ್ದು ಕೇಳಿಸಿತು. ಅವಳು ಏಳಲಿಲ್ಲ.